ತರಕಾರಿ ಮಡಿಗೆ ಕಾನೂನಿನ ಬೇಲಿ

ಮಾನ್ಯ ಸಂಪಾದಕರೇ,

ಕೈತೋಟ, ತಾರಸಿ ತೋಟಗಳ ಬಗ್ಗೆ ಕನ್ನಡ ಪತ್ರಿಕೆಗಳಲ್ಲಿ ಬರುವ ಬರಹಗಳನ್ನು ಇಂಗ್ಲೆಂಡಿನ ಕವೆಂಟ್ರಿಯಲ್ಲಿದ್ದುಕೊಂಡು ತಪ್ಪದೆ ಓದುವವರಲ್ಲಿ ನಾನೂ ಒಬ್ಬ. ಅವುಗಳ ಜೊತೆಗೆ ತುಂಬಿದ ಬುಟ್ಟಿಯ ಚಿತ್ರ ಇದ್ದೇ ಇರುತ್ತದೆ. ಬಳ್ಳಿಯಲ್ಲೇ ಕಪ್ಪಾಗಿ ಕೊಳೆತ ಟೊಮೆಟೊದ ಚಿತ್ರವನ್ನು ನಾನಂತೂ ಕಂಡಿಲ್ಲ. ಒಂಬತ್ತು ವರ್ಷಗಳಿಂದ ಇಲ್ಲಿ ಬಾಡಿಗೆ ನೆಲದಲ್ಲಿ ತರಕಾರಿ ಬೆಳೆಯುತ್ತಿರುವವನಾಗಿ ಆ ಕೊಳೆತ ಟೊಮೆಟೊದ ಬಗ್ಗೆಯೂ, ಅದನ್ನು ಕಂಡ ಮೇಲೂ ಮರುವರ್ಷ ಗುದ್ದಲಿ ಹಿಡಿಯುವಂತೆ ಮಾಡುವ ಒಂದು ಕಾನೂನಿನ ಬಗ್ಗೆಯೂ ನಾಲ್ಕು ಮಾತು ಹೇಳಬೇಕೆನಿಸಿದೆ.

ಅಲಾಟ್‌ಮೆಂಟ್ ಎಂದರೆ ಬೆಂಗಳೂರಿನವರಿಗೆ ಮನೆ ಕಟ್ಟುವ ಸೈಟು ನೆನಪಾಗುತ್ತದೆ. ಬ್ರಿಟನ್ನಿನಲ್ಲಿ ಆ ಮಾತಿಗೆ, ತರಕಾರಿ ಬೆಳೆದುಕೊಳ್ಳಲು ಹೆಚ್ಚಾಗಿ ಸ್ಥಳೀಯ ಆಡಳಿತವೇ ವರ್ಷದ ಬಾಡಿಗೆಗೆ ಕೊಡುವ ತುಂಡು ನೆಲ ಎಂದರ್ಥ. ಪೂರ್ಣ ಅಳತೆಯ ಒಂದು ತುಂಡು ಸುಮಾರು 250 ಚದರ ಮೀಟರ್, ಅಂದರೆ ನಮ್ಮ ಲೆಕ್ಕದಲ್ಲಿ ಎರಡೂವರೆ ಗುಂಟೆ. ಬೆಳೆದದ್ದು ಮುಖ್ಯವಾಗಿ ಮನೆಯವರ ಊಟಕ್ಕೇ ಹೊರತು ವ್ಯಾಪಾರಕ್ಕಲ್ಲ. ನಾಲ್ಕು ವರ್ಷ ಕಾದ ಮೇಲೆ ನನಗೆ ಸಿಕ್ಕಿದ್ದು ಅದರಲ್ಲಿ ಅರ್ಧ.

ಹಾಸನ ಜಿಲ್ಲೆಯ ಆಲೂಗೆಡ್ಡೆ ಬೆಳೆಗಾರರ ಮನೆಯಲ್ಲಿ ಹುಟ್ಟಿದವನಿಗೆ ಒಂದೂಕಾಲು ಗುಂಟೆ ಯಾವ ಲೆಕ್ಕ ಎಂಬ ಜಂಬ ಮೊದಲ ಬೇಸಿಗೆಯಲ್ಲೇ ಇಳಿಯಿತು. ನಾಟಿ ಮಾಡಿದ ಕೋಸಿನ ಸಸಿಗಳನ್ನು ಚಿಪ್ಪಿಲ್ಲದ ಬಸವನಹುಳುಗಳು ಎರಡೇ ರಾತ್ರಿಯಲ್ಲಿ ದಂಟು ಮಾತ್ರ ಉಳಿಸಿ ತಿಂದವು. ಮತ್ತೆ ನೆಟ್ಟಿದ್ದನ್ನು ಬಲೆ ಕಟ್ಟುವ ಮೊದಲೇ ಪಾರಿವಾಳಗಳು ಮುಗಿಸಿದವು. ಎರಡನೆಯ ವರ್ಷ ಆಲೂಗೆಡ್ಡೆಗೆ ಅಂಗಮಾರಿ ರೋಗ ತಗುಲಿತು. ಸತತ ಎರಡು ದಿನ ಕನಿಷ್ಠ ಉಷ್ಣಾಂಶ 10 ಡಿಗ್ರಿಗಿಂತ ಕೆಳಗಿಳಿಯದೆ, ಎರಡೂ ದಿನ ಆರಾರು ಗಂಟೆಯಾದರೂ ಗಾಳಿಯ ತೇವಾಂಶ ಶೇ 90 ಮುಟ್ಟಿದರೆ ಎಚ್ಚರವಾಗಿರಿ ಎಂದು ಇಲ್ಲಿನ ಬೆಳೆಗಾರರಿಗೆ ಸೂಚನೆ ಹೋಗುತ್ತದೆ. ಹಾಸನದ ಮಳೆಗಾಲದಲ್ಲಿ ಅಪ್ಪ ಮೋಡ ನೋಡಿಯೇ ಹೇಳುತ್ತಿದ್ದ ಮಾತೂ ಹೆಚ್ಚುಕಡಿಮೆ ಇದೇ. ಸೂಚನೆ ಬಂದಾಗ ನಾನು ಊರಲ್ಲಿರಲಿಲ್ಲ. ಮರಳುವಷ್ಟರಲ್ಲಿ ಪಕ್ಕದ ಟೊಮೆಟೊ ಸಾಲಿಗೂ ಅದು ಹಬ್ಬಿತ್ತು. 2022ರ ಜುಲೈಯಲ್ಲಿ ಇಂಗ್ಲೆಂಡಿನ ಉಷ್ಣಾಂಶ ಮೊದಲ ಬಾರಿಗೆ 40 ಡಿಗ್ರಿ ದಾಟಿದಾಗ ಪಾಲಕ್ ಎರಡೆಲೆ ಬಿಡುವಷ್ಟರಲ್ಲೇ ಹೂವಿನ ಕಡ್ಡಿ ಎತ್ತಿತು.

ಹಾಗೆಂದು ಬರೀ ಅಳಲೇ ಅಲ್ಲ. ಮೆಂತ್ಯ ಇಲ್ಲಿನ ಬೇಸಿಗೆಗೆ ಹೇಳಿ ಮಾಡಿಸಿದ ಸೊಪ್ಪು. ಆಗಸ್ಟಿನಲ್ಲಿ ಬೀನ್ಸ್ ಎಷ್ಟು ಬಿಡುತ್ತದೆಂದರೆ ಹಂಚಲು ನೆರೆಹೊರೆ ಸಾಲುವುದಿಲ್ಲ. ಬಹಳ ಕಾಡಿದ್ದು ಅವರೆ. ಊರಿಂದ ತಂದ ಬೀಜ ಚಪ್ಪರದ ತುಂಬ ಹಬ್ಬಿತು, ಹೂವಿನ ಸುಳಿವಿಲ್ಲ. ನಮ್ಮ ನಾಟಿ ಅವರೆ ಹಗಲು ಕಿರಿದಾಗದೆ ಹೂ ಬಿಡುವುದಿಲ್ಲ, ಇಲ್ಲಿ ಹಗಲು ಕಿರಿದಾಗುವ ಹೊತ್ತಿಗೆ ಹಿಮ ಬೀಳುತ್ತದೆ ಎಂಬುದು ಅರ್ಥವಾಗಲು ನನಗೆ ಮೂರು ವರ್ಷ ಹಿಡಿಯಿತು. ಹಗಲಿನ ಉದ್ದಕ್ಕೆ ಕಾಯದೆ ಹೂ ಬಿಡುವಂತೆ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ರೂಪಿಸಿದ ಹೆಬ್ಬಾಳ ಅವರೆ–4 ತಳಿಯನ್ನು ನಾಲ್ಕನೆಯ ವರ್ಷ ಕಿಟಕಿಯ ಬಳಿ ಕುಂಡದಲ್ಲಿ ಮೊಳೆಯಿಸಿ, ಹಿಮದ ಭಯ ಕಳೆದ ಮೇಲೆ ನೆಲಕ್ಕೆ ಇಳಿಸಿದಾಗ ಸೆಪ್ಟೆಂಬರಿನಲ್ಲಿ ಒಂದು ಹೊತ್ತಿನ ಹುಳಿಗೆ ಸಾಕಾಗುವಷ್ಟು ಕಾಳು ಸಿಕ್ಕಿತು. ಸೊಗಡು ಮಾತ್ರ ಬರಲಿಲ್ಲ.

ಅವರೆಗಾಗಿ ಹಿಡಿದ ಆ ನಾಲ್ಕು ವರ್ಷ ನೆಲ ನನ್ನ ಕೈಲಿದ್ದದ್ದು ಕಾನೂನಿನ ಬಲದಿಂದ. 1908ರ ಕಾಯ್ದೆಯ ಪ್ರಕಾರ, ಆರು ಮಂದಿ ಮತದಾರರು ಸೇರಿ ಅಲಾಟ್‌ಮೆಂಟ್ ಬೇಕೆಂದು ಮನವಿ ಕೊಟ್ಟರೆ ಸ್ಥಳೀಯ ಆಡಳಿತ ಅದನ್ನು ಪರಿಗಣಿಸಲೇಬೇಕು. ಅಲಾಟ್‌ಮೆಂಟಿಗೆಂದೇ ಪಡೆದ ನೆಲವನ್ನು 1925ರ ಕಾಯ್ದೆಯಂತೆ ಸಚಿವರ ಒಪ್ಪಿಗೆಯಿಲ್ಲದೆ ಮಾರುವಂತಿಲ್ಲ. ಸಾಮಾನ್ಯ ಸಂದರ್ಭದಲ್ಲಿ ಬೆಳೆಗಾರನನ್ನು ಬಿಡಿಸಲು ಹನ್ನೆರಡು ತಿಂಗಳ ನೋಟಿಸ್ ಬೇಕು, ಅದರ ಅವಧಿಯೂ ಏಪ್ರಿಲ್ 6ರ ಒಳಗೆ ಅಥವಾ ಸೆಪ್ಟೆಂಬರ್ 29ರಂದು ಇಲ್ಲವೇ ಅದರ ನಂತರ ಮುಗಿಯಬೇಕು. ನಿಂತ ಬೆಳೆಯನ್ನು ಬಿಟ್ಟು ಹೊರಡಬೇಕಾಗದಿರಲಿ ಎಂಬ ಈ ಕಾಳಜಿ ಕಾಯ್ದೆಯೊಂದರಲ್ಲಿ ಇದೆ ಎಂಬುದೇ ನನಗೆ ಸೋಜಿಗ.

ಬೆಂಗಳೂರಿನ ಬಡಾವಣೆಗಳಲ್ಲಿ ಪಕ್ಕದ ಖಾಲಿ ಸೈಟಿನ ಕಲ್ಲು ಆಯ್ದು, ಗೊಬ್ಬರ ಹೊತ್ತು, ಅವರೆಯೋ ಬದನೆಯೋ ಹಾಕಿದವರು ಕಾಯಿ ಬಿಡುವ ಹೊತ್ತಿಗೆ ಮಾಲೀಕರು ಪಾಯ ತೆಗೆಸುವುದನ್ನು ನೋಡುತ್ತ ನಿಂತಿರುತ್ತಾರೆ. ನನ್ನ ಅಕ್ಕನಿಗೆ ಎರಡು ಬಾರಿ ಹೀಗಾಗಿದೆ. ಮಣ್ಣು ಹದಕ್ಕೆ ಬರಲೇ ಎರಡು ಮೂರು ವರ್ಷ ಬೇಕಿರುವಾಗ, ಬೀಜದ ಪೊಟ್ಟಣ ಹಂಚಿದರೆ ಕೈತೋಟ ಬೆಳೆಯುವುದಿಲ್ಲ. ಹೊಸ ಬಡಾವಣೆಗಳಲ್ಲಿ ಉದ್ಯಾನಕ್ಕೆಂದು ಬಿಡುವ ಜಾಗದ ಒಂದು ಮೂಲೆಯನ್ನಾದರೂ, ಒಂದು ನಲ್ಲಿಯೊಂದಿಗೆ, ಕನಿಷ್ಠ ಐದು ವರ್ಷದ ಕರಾರಿನ ಮೇಲೆ ನಿವಾಸಿಗಳಿಗೆ ತರಕಾರಿ ಬೆಳೆಯಲು ಕೊಡುವ ನಿಯಮವನ್ನು ನಗರಾಡಳಿತಗಳು ರೂಪಿಸಬೇಕೆಂದು ತಮ್ಮ ಪತ್ರಿಕೆಯ ಮೂಲಕ ಕೋರುತ್ತೇನೆ.

ಇತಿ,
ಹಾಸನ ಮೂಲದ ಓದುಗ, ಕವೆಂಟ್ರಿ