ಪಿತ್ತಕೋಶ ಹೋಯಿತು, ಋಣ ಉಳಿಯಿತು

ಹೊಲಿಗೆ ಬಿಚ್ಚಿಸಿಕೊಂಡು ಬಂದಾಯಿತು. ಗಂಜಿಯಿಂದ ರೊಟ್ಟಿಗೆ ಬಡ್ತಿಯೂ ಸಿಕ್ಕಿದೆ. ಆಸ್ಪತ್ರೆಗೆ ಬಂದವರು, ಫೋನ್ ಮಾಡಿದವರು, ಹರಕೆ ಹೊತ್ತವರು, ಒಬ್ಬೊಬ್ಬರಿಗೇ ಹೇಳುತ್ತಾ ಕೂತರೆ ಯುಗಾದಿ ಬರುತ್ತದೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ನಮಸ್ಕಾರ ನಮ್ಮ ಶುಗರ್ ಡಾಕ್ಟರಿಗೆ. ಊಟವಾದ ಮೇಲೆ ಹೊಟ್ಟೆ ಭಾರ, ಬಲಪಕ್ಕೆಯ ಕೆಳಗೆ ಸಣ್ಣ ನೋವು. ಮನೆಯಲ್ಲಿ ಎಲ್ಲರ ತೀರ್ಪು ಒಂದೇ: ಗ್ಯಾಸ್. ಓಮದ ಕಾಳು, ಜೀರಿಗೆ ಕಷಾಯ, ಸೋಡಾ ಎಲ್ಲ ಆಯಿತು. ಡಾಕ್ಟರ್ ಮಾತ್ರ, "ಬಲಭುಜಕ್ಕೂ ಹಿಡಿಯುತ್ತಾ?" ಅಂತ ಕೇಳಿದರು. ಹೌದು ಅಂದೆ. ಸ್ಕ್ಯಾನಿಂಗ್‌ಗೆ ಚೀಟಿ ಬರೆದೇಬಿಟ್ಟರು. ಶುಗರ್ ಹಳೆಯದಾದರೆ ನರಗಳು ಮಂದವಾಗಿ ಒಳಗಿನ ನೋವು ಪೂರ್ತಿ ಗೊತ್ತಾಗದೇ ಇರಬಹುದಂತೆ. ಹಾಗಾಗಿ ಇವರು ಸಣ್ಣ ನೋವನ್ನೂ ಬಿಡುವುದಿಲ್ಲ.

ಸ್ಕ್ಯಾನಿಂಗ್ ಮಾಡಿದ ಡಾಕ್ಟರಮ್ಮ ಪರದೆಯನ್ನು ನನ್ನ ಕಡೆಗೇ ತಿರುಗಿಸಿದರು. ಪಿತ್ತಕೋಶದ ಕಪ್ಪು ಚೀಲದೊಳಗೆ ಬೆಳ್ಳಗೆ ಹೊಳೆಯುವ ಚುಕ್ಕೆಗಳು, ಅಂದರೆ ಕಲ್ಲುಗಳು, ಅವುಗಳ ಹಿಂದೆ ನೆರಳು. "ಮಗ್ಗುಲಾಗಿ" ಅಂದರು. ನಾನು ಹೊರಳಿದರೆ ಕಲ್ಲುಗಳೂ ಹೊರಳಿದವು!

ಇನ್ನು ಸರ್ಜನ್. ಚೀಟಿಯ ಹಿಂದೆ ಚಿತ್ರ ಬರೆದು ಹೇಳಿದ್ದನ್ನು ಮರೆಯುವಂತಿಲ್ಲ. ಪಿತ್ತರಸ ಮಾಡುವುದು ಲಿವರ್, ಕೂಡಿಡುವುದು ಪಿತ್ತಕೋಶ. ನಮ್ಮ ದಾವಣಗೆರೆಯ ಬೆಣ್ಣೆ ದೋಸೆ ಸಣ್ಣ ಕರುಳಿಗೆ ಇಳಿದ ತಕ್ಷಣ ಒಂದು ಹಾರ್ಮೋನು ಹೊರಟು ಚೀಲವನ್ನು ಹಿಂಡಿಸುತ್ತದೆ. ಬೊಜ್ಜು ಜಾಸ್ತಿ ಇದ್ದರೆ ಲಿವರ್ ಆ ರಸಕ್ಕೆ ಕೊಲೆಸ್ಟ್ರಾಲನ್ನು ಮಿತಿಮೀರಿ ಸೇರಿಸುತ್ತದೆ. ಪಾಕ ಗಟ್ಟಿಯಾದರೆ ಸಕ್ಕರೆ ಹರಳುಗಟ್ಟುವುದಿಲ್ಲವಾ, ಹಾಗೇ ಇದೂ ಹರಳುಗಟ್ಟುತ್ತದೆ. ಅದರ ಮೇಲೆ ಶುಗರ್. ನರ ಸೋತರೆ ಚೀಲ ಸರಿಯಾಗಿ ಹಿಂಡುವುದಿಲ್ಲ. ರಸ ಅಲ್ಲೇ ನಿಂತು ಗಸಿಯಾಗುತ್ತದೆ. ನನಗೆ ಎರಡೂ ಇದ್ದವು.

"ಹಾಗಾದ್ರೆ ಉಪವಾಸ ಮಾಡಿ ತೂಕ ಇಳಿಸಿಬಿಡ್ತೀನಿ ಸಾರ್" ಅಂದೆ. "ಅದೂ ಬೇಡಮ್ಮಾ, ಗಡಿಬಿಡಿಯಲ್ಲಿ ಇಳಿಸಿದರೂ ಕಲ್ಲಾಗುತ್ತೆ" ಅಂದರು. ದೇಹದ ಕೊಬ್ಬು ಕರಗುವಾಗ ಕೊಲೆಸ್ಟ್ರಾಲ್ ಪಿತ್ತಕ್ಕೇ ಬರುತ್ತದೆ, ಊಟವಿಲ್ಲದ ಚೀಲ ಹಿಂಡುವುದೂ ಇಲ್ಲ. ನೋವು ಕೊಡದ ಕಲ್ಲಾಗಿದ್ದರೆ ಸಾಮಾನ್ಯವಾಗಿ ಸುಮ್ನೆ ಬಿಡುತ್ತಿದ್ದೆವು ಎಂದೂ ಅವರೇ ಹೇಳಿದರು. ಆ ಮಾತಿಗೇ ನನಗೆ ನಂಬಿಕೆ ಬಂದದ್ದು. (ಬಾಳೆದಿಂಡಿನ ರಸ ಕುಡಿಯಲು ಹೇಳಿದವರೇ, ಅದನ್ನು ಹೇಳುವುದು ಕಿಡ್ನಿ ಕಲ್ಲಿಗೆ. ಪ್ರೀತಿಗೆ ಥ್ಯಾಂಕ್ಸ್.)

ಅರಿವಳಿಕೆ ಡಾಕ್ಟರ್ ನನ್ನ ಮಾತ್ರೆಗಳ ಡಬ್ಬಿಯನ್ನೇ ತರಿಸಿ ನೋಡಿದರು. ಮೂತ್ರದಲ್ಲಿ ಸಕ್ಕರೆ ಹೊರಹಾಕುವ ಮಾತ್ರೆಯನ್ನು ಆಪರೇಷನ್‌ಗೆ ಕೆಲವು ದಿನ ಮೊದಲೇ ನಿಲ್ಲಿಸಿದರು. ಅದನ್ನು ತಿಂದು ಉಪವಾಸವಿದ್ದರೆ ರಕ್ತದಲ್ಲಿ ಆಮ್ಲ ಏರುವ ಅಪಾಯವಿದೆಯಂತೆ.

ಆಪರೇಷನ್ ಆದ ರಾತ್ರಿ ಹೊಟ್ಟೆಗಿಂತ ಭುಜವೇ ಜಾಸ್ತಿ ನೋಯಿತು. ಹೆದರಿದೆ. ನೈಟ್ ಡ್ಯೂಟಿ ಸಿಸ್ಟರ್ ಬೆರಳು ಚುಚ್ಚಿ ಶುಗರ್ ನೋಡುತ್ತಲೇ ಸಮಾಧಾನ ಮಾಡಿದರು: ಆಪರೇಷನ್‌ನಲ್ಲಿ ಹೊಟ್ಟೆ ಉಬ್ಬಿಸಲು ತುಂಬಿದ ಗಾಳಿ ವಪೆಗೆ (ಎದೆ, ಹೊಟ್ಟೆ ನಡುವಿನ ಪರದೆಗೆ) ತಾಗಿ ಭುಜದಲ್ಲಿ ನೋವು ತೋರಿಸುತ್ತೆ, ಎದ್ದು ಓಡಾಡಿ. ಕೈ ಹಿಡಿದು ವರಾಂಡದಲ್ಲಿ ನಡೆಸಿದ್ದೂ ಅವರೇ.

ನನಗಾದದ್ದು ನಾಲ್ಕು ಸಣ್ಣ ತೂತು. ನಮ್ಮ ದೊಡ್ಡಮ್ಮನಿಗೆ ಇದೇ ಆಪರೇಷನ್‌ಗೆ ಗೇಣುದ್ದ ಕೊಯ್ದಿದ್ದರು. 1985ರಲ್ಲಿ ಜರ್ಮನಿಯ ಎರಿಕ್ ಮ್ಯೂಹೆ ತೂತಿನ ಮೂಲಕ ಪಿತ್ತಕೋಶ ತೆಗೆದರು. 1990ರಲ್ಲಿ ಮುಂಬೈನ ಜೆ.ಜೆ. ಆಸ್ಪತ್ರೆಯಲ್ಲಿ ಡಾ. ತೆಹಮ್ಟನ್ ಉದ್ವಾಡಿಯಾ ಅದನ್ನು ನಮ್ಮ ದೇಶಕ್ಕೆ ತಂದರು. ನೋಡದ ಇವರಿಬ್ಬರಿಗೂ ಒಂದು ನಮಸ್ಕಾರ.

ನಾದಿನಿಗೆ ಏನು ಹೇಳಲಿ? ಎಣ್ಣೆ ಕಾಣದ ಪಲ್ಯವನ್ನೂ ರುಚಿಯಾಗಿ ಮಾಡಿ ಹಾಕಿದಳು. ನಮ್ಮ ಯಜಮಾನರು ನನ್ನ ಜೊತೆ ತಾವೂ ಅದನ್ನೇ ಉಂಡರು, ಗೊಣಗುತ್ತಲೇ.

ನೋಡಲು ಬರುವವರು ಬನ್ನಿ, ಸ್ವೀಟ್ ಮಾತ್ರ ತರಬೇಡಿ. ಪಾರ್ಕಿನ ಗೆಳತಿಯರೇ, ಡಾಕ್ಟರ್ ಒಪ್ಪಿದ್ದಾರೆ, ಸೋಮವಾರದಿಂದ ವಾಕಿಂಗ್‌ಗೆ ಬರ್ತೀನಿ. ಸ್ವಲ್ಪ ನಿಧಾನಕ್ಕೆ ನಡೀರಿ.