ಡೈವ್ ಮಾಡಿದ ದಿನವೇ ಘಟ್ಟ ಹತ್ತಬೇಡಿ

ಮಾನ್ಯ ಸಂಪಾದಕರೇ,

ನಾನು ಹೊನ್ನಾವರದವನು, 14 ವರ್ಷದಿಂದ ಟೂರಿಸ್ಟ್ ಗಾಡಿ ಓಡಿಸ್ತಾ ಇದ್ದೇನೆ. ಮಳೆಗಾಲ ಮುಗಿದು ಸಮುದ್ರ ಶಾಂತ ಆದ ಮೇಲೆ ಮೇ ತಿಂಗಳ ತನಕ ನಂಗೆ ಸಿಗೋ ಬಾಡಿಗೆಯಲ್ಲಿ ಅರ್ಧ ಮುರುಡೇಶ್ವರದ್ದೇ, ಅಲ್ಲಿ ಹತ್ತಿರದ ನೇತ್ರಾಣಿ ದ್ವೀಪದಲ್ಲಿ ಸ್ಕೂಬಾ, ಅಂದ್ರೆ ಗಾಳಿ ಸಿಲಿಂಡರ್ ಕಟ್ಕೊಂಡು ಸಮುದ್ರದೊಳಗೆ ಇಳಿಯೋ ಡೈವ್, ಮಾಡೋಕೆ ಬರೋರು. ಬೆಳಿಗ್ಗೆ ಬೋಟ್ ಹತ್ತಿ ಹೋಗ್ತಾರೆ, ಮಧ್ಯಾಹ್ನ ವಾಪಸ್ ಬಂದು ಮೀನೂಟ ಮಾಡಿ ಬಟ್ಟೆ ಒಣಗೋದ್ರೊಳಗೆ "ಅಣ್ಣಾ ಹೊರಡೋಣ, ನಾಳೆ ಆಫೀಸಿದೆ" ಅಂತಾರೆ, ಸಂಜೆ ಐದೂವರೆಗೆಲ್ಲ ಗೇರುಸೊಪ್ಪ ದಾಟಿ ಘಟ್ಟ ಹತ್ತಾ ಇರ್ತೇವೆ. ಇಷ್ಟು ವರ್ಷ ಎಷ್ಟು ಜನರನ್ನ ಹೀಗೆ ಹತ್ತಿಸಿದ್ನೋ ಲೆಕ್ಕ ಇಲ್ಲ. ಅದ್ರಲ್ಲಿ ತಪ್ಪೇನಿದೆ ಹೇಳಿ ನಂಗೆ ಗೊತ್ತೇ ಇರ್ಲಿಲ್ಲ.

ಹೋದ ಸೀಸನ್‌ನಲ್ಲಿ ಬೆಂಗಳೂರಿನ ಒಬ್ಬ ಹುಡುಗ, ಅಪ್ಪ ಅಮ್ಮನ ಜೊತೆ ಬಂದಿದ್ದ. ಸುಮ್ನೆ ಒಂದ್ಸಲ ಮುಳುಗಿ ಫೋಟೋ ತೆಗೆಸ್ಕೊಳ್ಳೋ ಡೈವ್ ಅಲ್ಲ, ಕೋರ್ಸ್ ಮಾಡ್ದ, ಎರಡು ದಿನದಲ್ಲಿ ನಾಲ್ಕು ಸಲ ಇಳಿದಿದ್ದ. ಕೊನೇ ಡೈವ್ ಮುಗಿದು ನಾಲ್ಕು ತಾಸೂ ಆಗಿರ್ಲಿಲ್ಲ ನಾವು ಹೊರಟ್ವಿ. ಘಟ್ಟದ ಅರ್ಧಕ್ಕೆ ಬಂದಾಗ ಬಲಗಡೆ ಭುಜ ನೋವು ಅಂದ, ಸಿಲಿಂಡರ್ ಹೊತ್ತಿದ್ದಕ್ಕೆ ಇರ್ಬೇಕು ತಮ್ಮಾ ಅಂತ ನಾನೇ ಹೇಳ್ದೆ, ಅವರಮ್ಮ ಮುಲಾಮು ಹಚ್ಚಿದ್ರು. ಮಾವಿನಗುಂಡಿ ದಾಟೋ ಹೊತ್ತಿಗೆ ನೋವು ಮೂಳೆ ಒಳಗೆ ಕೊರೆದ ಹಾಗೆ ಆಗ್ತಿದೆ ಅಂದ, ಹೊಟ್ಟೆ ಮೇಲೆಲ್ಲ ತುರಿಕೆ, ಆಮೇಲೆ ಬೆರಳು ಜೋಮು ಹಿಡಿತು. ಘಟ್ಟದ ಮೇಲಿನ ಒಂದು ಊರಿನ ಆಸ್ಪತ್ರೆಗೆ ಕರ್ಕೊಂಡು ಹೋದ್ವಿ, ಸ್ನಾಯು ಎಳೆತ ಅಂತ ನೋವಿನ ಇಂಜೆಕ್ಷನ್ ಕೊಟ್ರು. ಡೈವ್ ಮಾಡಿದ್ದೀಯಾ ಅಂತ ಯಾರೂ ಕೇಳ್ಲಿಲ್ಲ, ಹೇಳ್ಬೇಕು ಹೇಳಿ ನಮಗೂ ಹೊಳಿಲಿಲ್ಲ. ಆ ಹುಡುಗನ ಸ್ನೇಹಿತನೊಬ್ಬ ಫೋನಲ್ಲಿ ಕೇಳಿದವನೇ ಗಾಬರಿಯಾಗಿ ಇನ್ನು ಮೇಲೆ ಹತ್ತಬೇಡಿ, ಮಲಗಿಸಿ, ತಕ್ಷಣ ಆಕ್ಸಿಜನ್ ಹಾಕ್ಸಿ ಅಂದ. ಆಂಬುಲೆನ್ಸ್ ಬಂತು, ರಾತ್ರಿಯೇ ವಾಪಸ್ ಘಟ್ಟ ಇಳಿಸಿ ಚೇಂಬರ್ ಇರೋ ಊರಿಗೆ ಕರ್ಕೊಂಡು ಹೋದ್ರು. ಅಂದ್ರೆ ಒಂದು ಕಬ್ಬಿಣದ ಕೋಣೆ, ಅದ್ರೊಳಗೆ ಮತ್ತೆ ಸಮುದ್ರದ ಆಳದಷ್ಟು ಒತ್ತಡ ಕೊಟ್ಟು ಆಕ್ಸಿಜನ್ ಕೊಡ್ತಾ ತಾಸುಗಟ್ಟಲೆ ನಿಧಾನಕ್ಕೆ ಒತ್ತಡ ಇಳಿಸ್ತಾರೆ. ಹುಡುಗ ಈಗ ಆರಾಮಿದ್ದಾನೆ, ದೇವರು ದೊಡ್ಡವನು.

ಡಿಕಂಪ್ರೆಷನ್ ಸಿಕ್‌ನೆಸ್ ಅಂತಾರಂತೆ ಇದಕ್ಕೆ. ಆಮೇಲೆ ನಾನು ಡೈವರ್‌ಗಳನ್ನ, ಡಾಕ್ಟರ್‌ನ್ನ ಕೇಳಿ ಕೇಳಿ ತಿಳ್ಕೊಂಡೆ. ನೀರಲ್ಲಿ 10 ಮೀಟರ್ ಇಳಿದ್ರೆ ಮೈಮೇಲಿನ ಒತ್ತಡ ದಡದಲ್ಲಿ ಇರೋದ್ರ ಎರಡರಷ್ಟು. ಆ ಒತ್ತಡದಲ್ಲಿ ಸಿಲಿಂಡರ್ ಗಾಳಿ ಉಸಿರಾಡಿದಾಗ ಅದ್ರಲ್ಲಿರೋ ನೈಟ್ರೋಜನ್ ರಕ್ತಕ್ಕೆ, ಕೊಬ್ಬಿಗೆ, ಕೀಲಿಗೆ ಕರಗಿ ಸೇರ್ಕೊಳ್ತದೆ, ಮೇಲೆ ಬಂದ ತಕ್ಷಣ ಎಲ್ಲಾ ಹೋಗೋದಿಲ್ಲ, ಪೂರ್ತಿ ಹೋಗೋಕೆ ತಾಸುಗಟ್ಟಲೆ ಬೇಕು. ಅದು ಹೋಗೋದ್ರೊಳಗೆ ಗಾಳಿ ಒತ್ತಡ ಇನ್ನೂ ಕಡಿಮೆ ಇರೋ ಎತ್ತರಕ್ಕೆ ಹೋದ್ರೆ ಅದೇ ಮೈಯೊಳಗೆ ಗಾಳಿ ಗುಳ್ಳೆ ಆಗ್ತದೆ, ನೋವು ಜೋಮು ಎಲ್ಲ ಅದ್ರಿಂದ್ಲೇ. ಹೊನ್ನಾವರದಲ್ಲಿ ತಗೊಂಡ ಚಿಪ್ಸ್ ಪ್ಯಾಕೆಟ್ ಘಟ್ಟ ಹತ್ತಿದ ಮೇಲೆ ಬಿಗಿಯಾಗಿ ಉಬ್ಬಿರೋದನ್ನ ನಮ್ಮ ಕಡೆ ಎಲ್ಲರೂ ನೋಡಿದ್ದೇವಲ್ಲ, ಕಿವಿ ಗಪ್ ಅಂತದಲ್ಲ, ಆ ಒತ್ತಡ ಇಳಿಯೋದೇ ಇದು. ನಾನು ದಿನಾ ನೋಡ್ತಿದ್ದೆ ಆದ್ರೂ ಮನುಷ್ಯನ ಮೈಗೂ ಅದಕ್ಕೂ ಸಂಬಂಧ ಅದೆ ಅಂತ ತಲೆಗೆ ಬರ್ಲಿಲ್ಲ. ನಮ್ಮ ಹಿರಿಯರೊಬ್ರು, ಸಮುದ್ರದ ಕಲ್ಲುಬಂಡೆ ಹತ್ರ ಮುಳುಗಿ ಕಲಗ, ಅಂದ್ರೆ ಚಿಪ್ಪು, ತೆಗೆಯೋರಿಗೆ ಯಾವತ್ತೂ ಏನೂ ಆಗಿಲ್ವಲ್ಲೋ ಮಾರಾಯ ಅಂದ್ರು. ಅವರು ದಡದಲ್ಲಿ ಎಳೆದುಕೊಂಡ ಒಂದೇ ಉಸಿರಲ್ಲಿ ಇಳಿದು ಹತ್ತೋರು, ಒತ್ತಡದ ಗಾಳೀನ ಮುಕ್ಕಾಲು ತಾಸು ಎಳೆಯೋದು ಬೇರೆ ಲೆಕ್ಕ. 1870ರ ದಶಕದಲ್ಲಿ ನ್ಯೂಯಾರ್ಕ್‌ನ ಬ್ರೂಕ್ಲಿನ್ ಸೇತುವೆ ಕಟ್ಟುವಾಗ ನದಿ ತಳದಲ್ಲಿ ಒತ್ತಡದ ಗಾಳಿ ತುಂಬಿದ ಕೋಣೆಯೊಳಗೆ ಕೆಲಸ ಮಾಡಿ ಮೇಲೆ ಬಂದ ಕೂಲಿಯವರಿಗೂ ಇದೇ ಕಾಯಿಲೆ, ಮುಖ್ಯ ಇಂಜಿನಿಯರ್ ವಾಷಿಂಗ್ಟನ್ ರೋಬ್ಲಿಂಗ್ ಕೂಡ ಇದ್ರಿಂದ ಹಾಸಿಗೆ ಹಿಡಿದಿದ್ರಂತೆ. ಶರಾವತಿ ಸೇತುವೆ ದಾಟುವಾಗೆಲ್ಲ ಈಗ ಅದು ನೆನಪಾಗ್ತದೆ.

ನನ್ನ ತಕರಾರು ಏನಂದ್ರೆ, ಡೈವ್ ಮಾಡಿಸೋರು "ವಿಮಾನ ಹತ್ತಬೇಡಿ" ಅಂತ ಹೇಳ್ತಾರೆ, ಘಟ್ಟದ ಮಾತು ಎತ್ತೋದೇ ಇಲ್ಲ. ಡೈವರ್ಸ್ ಅಲರ್ಟ್ ನೆಟ್‌ವರ್ಕ್ ಅನ್ನೋ ಸಂಸ್ಥೆ ಹೇಳೋ ಪ್ರಕಾರ ಒಂದೇ ಡೈವ್ ಆದ್ರೆ ಕನಿಷ್ಠ 12 ತಾಸು, ಒಂದಕ್ಕಿಂತ ಹೆಚ್ಚು ಅಥವಾ ಹಲವು ದಿನ ಮಾಡಿದ್ರೆ ಕನಿಷ್ಠ 18 ತಾಸು ಬಿಟ್ಟು ವಿಮಾನ ಹತ್ತಬೇಕು, ಮತ್ತೆ ಆ ಲೆಕ್ಕ ವಿಮಾನದೊಳಗಿನ ಗಾಳಿ ಒತ್ತಡ 2,000 ಅಡಿ ಎತ್ತರಕ್ಕೆ ಸಮ ಇದ್ದಾಗಿನಿಂದಲೇ ಶುರು, ಅಂದ್ರೆ ಸುಮಾರು 600 ಮೀಟರ್. ಸಿರ್ಸಿ ಹತ್ರತ್ರ ಅಷ್ಟೇ ಎತ್ತರದಲ್ಲಿದೆ. ಬೆಂಗಳೂರು 900 ಮೀಟರ್ ಮೇಲೆ. ಕೊಡಚಾದ್ರಿ 1,343 ಮೀಟರ್, ಬೆಳಿಗ್ಗೆ ನೇತ್ರಾಣಿ ಸಂಜೆ ಕೊಡಚಾದ್ರಿ ಜೀಪು ಅಂತ ಪ್ಲಾನ್ ಹಾಕ್ಕೊಂಡು ಬರೋರನ್ನ ನಾನೇ ಕಂಡಿದ್ದೇನೆ. ರಸ್ತೆಯಲ್ಲಿ ಹೋದ್ರೇನು ರೆಕ್ಕೆಯಲ್ಲಿ ಹೋದ್ರೇನು, ಮೈಗೆ ಗೊತ್ತಾಗೋದು ಎತ್ತರ ಮಾತ್ರ. ರಾತ್ರಿ ಸ್ಲೀಪರ್ ಬಸ್ಸಲ್ಲಿ ಹೋಗೋರದ್ದು ಇನ್ನೂ ಕಷ್ಟ, ನಿದ್ದೆಯಲ್ಲೇ ಘಟ್ಟ ಹತ್ತಿರ್ತಾರೆ, ಬೆಳಿಗ್ಗೆ ಬೆಂಗಳೂರಲ್ಲಿ ಕೈ ಎತ್ತೋಕಾಗದೇ ಇದ್ರೆ ಬಸ್ಸಿನ ಸೀಟಿಗೆ ಬೈತಾರೆ.

ಹೆದರ್ಸೋಕೆ ಬರೀತಿಲ್ಲ. 12 ಮೀಟರ್ ಒಳಗೆ ಒಂದೇ ಸಲ, ಸ್ವಲ್ಪ ಹೊತ್ತು ಇಳಿದು ಬರೋರಿಗೆ ಅಪಾಯ ಬಹಳ ಕಡಿಮೆ. ಕೋರ್ಸ್ ಮಾಡೋರು, ಎರಡು ಮೂರು ದಿನ ಇಳಿಯೋರು ಅವರ ಮಾತು ಬೇರೆ. ಪ್ರವಾಸವನ್ನ ತಿರುಗಿಸಿ ಹಾಕಿದ್ರೆ ಆಯ್ತಲ್ಲ, ಜೋಗ, ಸಿರ್ಸಿ, ಯಾಣ ಬರೋವಾಗ್ಲೇ ನೋಡ್ಕೊಂಡು ಇಳೀರಿ, ಆಮೇಲೆ ನೇತ್ರಾಣಿ, ಮರುದಿನ ಇಡಗುಂಜಿ, ಗೋಕರ್ಣ, ಮಿರ್ಜಾನ್ ಕೋಟೆ ಹೇಳಿ ಕೆಳಗೇ ಸುತ್ತಿ, ಅದರ ಮರುದಿನ ಘಟ್ಟ ಹತ್ತಿ. ನನ್ನ ಗಾಡಿಗೆ ಬರೋರಿಗೆ ಈಗ ಹಾಗೇ ಹೇಳ್ತೇನೆ, ಕೆಲವರು ಬಾಡಿಗೆ ಹೆಚ್ಚಿಸೋಕೆ ಹೇಳ್ತಾನೆ ಅಂದ್ಕೊಳ್ತಾರೆ, ಅಂದ್ಕೊಳ್ಳಲಿ.

ಜಿಲ್ಲಾಡಳಿತಕ್ಕೆ ಮತ್ತು ಪ್ರವಾಸೋದ್ಯಮ ಇಲಾಖೆಗೆ ನಿಮ್ಮ ಪತ್ರಿಕೆ ಮೂಲಕ ಕೇಳೋದು ಇಷ್ಟೇ. ಡೈವ್ ಮಾಡಿಸೋರು ಪ್ರತಿಯೊಬ್ರಿಗೂ ಕನ್ನಡದಲ್ಲಿ ಒಂದು ಚೀಟಿ ಕೊಡ್ಲಿ, ಎಷ್ಟು ಸಲ ಇಳಿದ್ರು, ಎಷ್ಟು ಆಳ, ಕೊನೇ ಸಲ ಎಷ್ಟು ಗಂಟೆಗೆ ಮೇಲೆ ಬಂದ್ರು, ಎಷ್ಟು ಗಂಟೆ ತನಕ ಘಟ್ಟ ಹತ್ತಬಾರದು ಅಂತ ಬರೆದು. ಆ ಚೀಟಿ ನಮ್ಮಂಥ ಡ್ರೈವರ್‌ಗೂ ತೋರಿಸ್ಲಿ. ಹೊನ್ನಾವರ, ಭಟ್ಕಳ, ಸಾಗರ, ಸಿರ್ಸಿ ಆಸ್ಪತ್ರೆಗಳಿಗೆ ಹತ್ತಿರದ ಚೇಂಬರ್ ಎಲ್ಲಿದೆ, ಯಾರಿಗೆ ಫೋನ್ ಮಾಡ್ಬೇಕು ಅಂತ ಬರೆದು ಗೋಡೆಗೆ ಅಂಟಿಸ್ಲಿ. ಕಾರವಾರದಲ್ಲಿ ನೌಕಾಪಡೆಯ ಐಎನ್‌ಎಸ್ ಕದಂಬ ನೆಲೆ ಇದೆ, ಡೈವಿಂಗ್ ಕಾಯಿಲೆ ತಿಳಿದ ಡಾಕ್ಟರ್‌ಗಳು ನೌಕಾಪಡೆಯಲ್ಲಿ ಇದ್ದಾರೆ, ಅವರ ಹತ್ರ ಒಂದು ದಿನದ ತರಬೇತಿ ಕೇಳಿ ನೋಡ್ಲಿ. ಮುಂದಿನ ಸೀಸನ್ ಶುರುವಾಗೋದ್ರೊಳಗೆ ಆ ಚೀಟಿ ಒಂದಾದ್ರೂ ಬರ್ಲಿ.

ಇಂತಿ,
ಟೂರಿಸ್ಟ್ ಗಾಡಿ ಚಾಲಕ, ಹೊನ್ನಾವರ