ಕೈ ಜೋತುಬಿದ್ದರೆ ವರ್ಷಗಟ್ಟಲೆ ಕಾಯಬೇಡಿ

ಸಂಪಾದಕರೇ,

ಬೈಕ್ ಅಪಘಾತದಲ್ಲಿ ಹೆಗಲ ಬಳಿಯ ನರಗಳು ಜಗ್ಗಿದರೆ ಅಥವಾ ಕಿತ್ತುಹೋದರೆ ಕೈ ಜೋತುಬೀಳುತ್ತದೆ. ಮೂಳೆ ಕೂಡಿದರೂ ಕೈ ಏಳುವುದಿಲ್ಲ. ‘ಎಣ್ಣೆ ಹಚ್ಚಿ ತಿಕ್ಕಿ, ನಿಧಾನಕ್ಕೆ ಸರಿಹೋಗುತ್ತೆ’ ಎನ್ನುವವರೇ ಜಾಸ್ತಿ. ನರ ಬರೀ ಜಗ್ಗಿದ್ದರೆ ಕೆಲವರಿಗೆ ತಾನಾಗಿಯೇ ಸರಿಹೋಗುವುದೂ ಉಂಟು, ನಿಜ. ಆದರೆ ನರ ಬೆಳೆಯುವುದು ದಿನಕ್ಕೆ ಸುಮಾರು 1 ಮಿಲಿಮೀಟರ್ ಅಷ್ಟೇ. ಅಷ್ಟರಲ್ಲಿ, ನರದ ಸಂಪರ್ಕ ತಪ್ಪಿದ ಸ್ನಾಯು ಒಂದು, ಒಂದೂವರೆ ವರ್ಷದಲ್ಲಿ ಚೇತರಿಸಿಕೊಳ್ಳದಷ್ಟು ಸೊರಗಿಬಿಡುತ್ತದೆ.

ಇದಕ್ಕೆ ನರ ವರ್ಗಾವಣೆ ಶಸ್ತ್ರಚಿಕಿತ್ಸೆ ಇದೆ. ಚೆನ್ನಾಗಿರುವ ನರದ ಒಂದು ಎಳೆಯನ್ನು ಬಿಡಿಸಿ, ಕೆಲಸ ನಿಲ್ಲಿಸಿದ ನರಕ್ಕೆ ಸ್ನಾಯುವಿನ ಹತ್ತಿರವೇ ಜೋಡಿಸುತ್ತಾರೆ. ದೂರ ಕಡಿಮೆ, ಹಾಗಾಗಿ ಸಮಯವೂ ಉಳಿಯುತ್ತದೆ. ಫ್ರಾನ್ಸಿನ ಡಾ. ಕ್ರಿಸ್ಟೋಫ್ ಒಬೆರ್ಲಿನ್ 1994ರಲ್ಲಿ ಪ್ರಕಟಿಸಿದ ವಿಧಾನದಲ್ಲಿ, ಅಂಗೈಗೆ ಹೋಗುವ ಅಲ್ನರ್ ನರದ ಎಳೆಯೊಂದು ಮೊಣಕೈ ಮಡಚುವ ಸ್ನಾಯುವನ್ನು ಎಬ್ಬಿಸುತ್ತದೆ. ಕುತ್ತಿಗೆಯಲ್ಲಿ ಬೆನ್ನುಹುರಿಗೆ ಪೆಟ್ಟಾದವರಿಗೂ ಆಸ್ಟ್ರೇಲಿಯಾದ ವೈದ್ಯರು ನರ ವರ್ಗಾವಣೆ ಮಾಡಿ, 2019ರಲ್ಲಿ ಫಲಿತಾಂಶ ಪ್ರಕಟಿಸಿದರು. ಹಲವರು ವಸ್ತುಗಳನ್ನು ಹಿಡಿದು ಬಿಡುವಂತಾದರು.

ಆಪರೇಷನ್ ಆದ ಮೇಲೂ ತಿಂಗಳುಗಟ್ಟಲೆ ಫಿಸಿಯೋಥೆರಪಿ ಬೇಕು, ಅದೇನು ಮಾಯಾಮಂತ್ರ ಅಲ್ವಲ್ಲ! ಸಾಮಾನ್ಯವಾಗಿ ಆರು ತಿಂಗಳೊಳಗೆ ಮಾಡಿದರೆ ಫಲ ಹೆಚ್ಚು. ಹಾಗಾಗಿ ಮೂರು ತಿಂಗಳಾದರೂ ಕೈ ಅಲುಗದ ರೋಗಿಯನ್ನು ತಾಲ್ಲೂಕು ಆಸ್ಪತ್ರೆಗಳು ನರದ ಶಸ್ತ್ರಚಿಕಿತ್ಸೆ ಬಲ್ಲವರ ಬಳಿ ಕಳಿಸಬೇಕು. ಡಿಸ್ಚಾರ್ಜ್ ಚೀಟಿಯಲ್ಲೇ ಆ ಮೂರು ತಿಂಗಳು ಮುಗಿಯುವ ತಾರೀಖು ಬರೆದುಕೊಟ್ಟರೆ ಇನ್ನೂ ಒಳ್ಳೆಯದು.

– ಒಬ್ಬ ಓದುಗ, ದಾವಣಗೆರೆ